ದಂತವೋ ಎಲುಬೋ: ಮರದೊಳಗೆ ಕೂರಿಸಿದ ಚೂರುಗಳ ಕಥೆ



ಗಡಿಯ ಊರುಗಳಲ್ಲಿ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು ಆಡುತ್ತಾ ಬದುಕುವ ನಮಗೆ ಎರಡು ಭಾಷೆಯಲ್ಲೂ ಒಂದೇ ಆಗಿರುವ ಮಾತುಗಳ ಮೇಲೆ ವಿಶೇಷ ಪ್ರೀತಿ. ಅಂಥ ಒಂದು ಮಾತು ‘ದಂತ’. ಕನ್ನಡದಲ್ಲೂ ದಂತ, ತೆಲುಗಿನಲ್ಲೂ ದಂತ. ಈ ಒಂದು ಮಾತಿನಿಂದ ನಮ್ಮ ಮನೆಯಲ್ಲಿ ಒಂದು ವಾರ ಚರ್ಚೆ ನಡೆಯಿತು. ಆ ಚರ್ಚೆಯಲ್ಲಿ ಮೊಮ್ಮಗನಿಗೆ ಹೇಳಿದ ಚರಿತ್ರೆಯನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ನನ್ನ ಹುಟ್ಟೂರು ಕಲ್ಯಾಣದುರ್ಗ. ಬ್ಯಾಂಕಿನ ಗುಮಾಸ್ತನಾಗಿ ಊರೂರು ಸುತ್ತಿ, ನಿವೃತ್ತನಾದ ಮೇಲೆ ಮಗನ ಜೊತೆ ಹಿಂದೂಪುರದಲ್ಲಿ ನೆಲೆಸಿದ್ದೇನೆ. ಮೊಮ್ಮಗನಿಗೆ ವಿದ್ಯುತ್ ಗಿಟಾರಿನ ಹುಚ್ಚು. ಕೊಳ್ಳಲು ದುಡ್ಡು ಸಾಲದೆ ಅವನು ತಾನೇ ಒಂದನ್ನು ಮಾಡತೊಡಗಿದ. ಒಡಲಿಗೆ ಹಳೆಯ ಬಾಗಿಲ ಹಲಗೆ, ಬೆರಳು ಓಡುವ ಪಟ್ಟಿಗೆ ಬೆಂಗಳೂರಿನಿಂದ ತರಿಸಿದ ಬೀಟೆ ಮರ. ತೆಲುಗಿನಲ್ಲಿ ನಾವು ಇರುಗುಡು ಎನ್ನುತ್ತೇವಲ್ಲ, ಅದೇ. ಕೆಲಸ ಮುಗಿಯುತ್ತಾ ಬಂದಾಗ ಆ ಕಪ್ಪು ಪಟ್ಟಿಯ ಮೇಲೆ ಬಿಳಿ ಚುಕ್ಕೆಗಳನ್ನು ಕೂರಿಸುವುದೊಂದು ಉಳಿಯಿತು.

ದಸರಾ ರಜೆಗೆ ಕಲ್ಯಾಣದುರ್ಗದ ಮನೆಗೆ ಹೋದವನು ಅಟ್ಟದ ಮೇಲಿಂದ ನನ್ನ ಅಕ್ಕನ ವೀಣೆಯನ್ನು ಇಳಿಸಿ ತಂದ. ಅಕ್ಕ ತೀರಿಕೊಂಡು ಬಹಳ ವರ್ಷವಾಯಿತು. ವೀಣೆಯ ಕೊಡ ಸೀಳಿ, ಅಂಗೈಯಗಲದ ಒಂದು ಚೂರು ಬೇರೆಯೇ ಬಿದ್ದಿತ್ತು. ಆದರೆ ದಂಡಿಯ ಅಂಚಿನ ಬಿಳಿ ಪಟ್ಟಿಗಳೂ ಎಲೆ, ಹೂವಿನ ಚೂರುಗಳೂ ಹಾಗೆಯೇ ಇದ್ದವು. ಅವು ಆನೆಯ ದಂತ ಎಂದು ಮನೆಯವರೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೆವು.

“ತಾತಾ, ಇದು ಹೇಗಿದ್ರೂ ನುಡಿಯಲ್ಲ. ಈ ದಂತ ಕಿತ್ತು ನನ್ನ ಗಿಟಾರಿಗೆ ಹಾಕ್ಕೊಳ್ಳಲಾ?” ಎಂದು ಕೇಳಿದ.

ಬೇಡ ಎನ್ನಲು ಬಾಯಿ ತೆರೆದೆ. ಆದರೆ ಏಕೆ ಬೇಡ ಎಂದು ಹೇಳಲು ನನ್ನಲ್ಲಿ ಉತ್ತರ ಇರಲಿಲ್ಲ. “ಒಂದು ವಾರ ತಡಿ” ಎಂದೆ.

ಬಂಧುಗಳೇ, ಮೊದಲು ಈ ಚುಕ್ಕೆಗಳು ಏತಕ್ಕೆ ಎಂಬುದನ್ನು ನೋಡೋಣ. ನಮ್ಮ ವೀಣೆಗೆ 24 ಮೆಟ್ಟಿಲು. ಹಿತ್ತಾಳೆಯವು, ಮೇಣದಲ್ಲಿ ಕೂರಿಸಿದವು. ಗಿಟಾರಿಗೂ ಹಾಗೆಯೇ ಲೋಹದ ಮೆಟ್ಟಿಲುಗಳಿರುತ್ತವೆ. ಮೊಮ್ಮಗನ ಗಿಟಾರಿನಲ್ಲಿ 22 ಇವೆ. ತಂತಿಯ ನುಡಿಯುವ ಉದ್ದ 648 ಮಿಲಿಮೀಟರು. ಅದನ್ನು 17.817ರಿಂದ ಭಾಗಿಸಿದರೆ ಮೊದಲ ಮೆಟ್ಟಿಲಿನ ದೂರ ಸಿಗುತ್ತದೆ, ಸುಮಾರು 36.4 ಮಿಲಿಮೀಟರು. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸಿದರೆ ಎರಡನೆಯದು. ಹೀಗೆ ಮಾಡುತ್ತಾ ಹೋದರೆ 12ನೆಯ ಮೆಟ್ಟಿಲು ಸರಿಯಾಗಿ ಅರ್ಧಕ್ಕೆ, 324 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ಅಲ್ಲಿ ಒತ್ತಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ನುಡಿಯುತ್ತದೆ. ಬಡ್ಡಿ ಲೆಕ್ಕ ಮಾಡಿ ಪಳಗಿದ ನನಗೆ ಇದು ಚಕ್ರಬಡ್ಡಿಯನ್ನು ತಿರುಗಿಸಿ ಬರೆದಂತೆ ಕಂಡಿತು.

ವೇಗವಾಗಿ ನುಡಿಸುವಾಗ ಕೈ ಎಲ್ಲಿದೆ ಎಂದು ಕಣ್ಣಿಗೆ ತಿಳಿಯಲು 3, 5, 7, 9, 15, 17, 19, 21ನೆಯ ಮನೆಗಳಲ್ಲಿ ಒಂದೊಂದು ಚುಕ್ಕೆ, 12ನೆಯದರಲ್ಲಿ ಎರಡು. ಒಟ್ಟು ಹತ್ತು. ರಸ್ತೆ ಬದಿಯ ಮೈಲಿಗಲ್ಲು ಇದ್ದಂತೆ. ಇವನ್ನು ಬಣ್ಣದಲ್ಲಿ ಬರೆದರೆ ಬೆರಳಿನ ಉಜ್ಜಾಟಕ್ಕೆ ಅಳಿಸಿಹೋಗುತ್ತವೆ. ಆದ್ದರಿಂದ ಮರದಲ್ಲಿ ಕುಳಿ ತೋಡಿ, ಅದೇ ಅಳತೆಯ ಬೇರೆ ಬಣ್ಣದ ಚೂರನ್ನು ಅಂಟಿನಿಂದ ಕೂರಿಸಿ, ಎರಡೂ ಒಂದೇ ಸಮವಾಗುವಂತೆ ಉಜ್ಜುತ್ತಾರೆ. ಮೈಸೂರಿನ ಕಡೆ ಇದನ್ನು ‘ಇನ್‌ಲೇ ಕೆಲಸ’ ಎಂದೇ ಕರೆಯುತ್ತಾರೆ.

ನಮಗೆ ಹತ್ತಿರದ ಲೇಪಾಕ್ಷಿಯನ್ನು ನೆನೆಸಿಕೊಳ್ಳಿ. ವಿಜಯನಗರದ ಅಚ್ಯುತರಾಯನ ಕಾಲದ ಆ ಗುಡಿಯ ನಾಟ್ಯಮಂಟಪದ ಕಂಬದಲ್ಲಿ ತುಂಬುರು ವೀಣೆ ಹಿಡಿದು ನಿಂತಿದ್ದಾನೆ. ಅಲ್ಲಿನ ಕನ್ನಡ ಶಾಸನಗಳನ್ನು ನೀವು ನೋಡಿದ್ದೀರಿ. ಲೇಪಾಕ್ಷಿಯ ಶಿಲ್ಪಿ ಕಲ್ಲಿನಿಂದ ಬೇಡದ್ದನ್ನು ತೆಗೆದು ತುಂಬುರುವನ್ನು ಉಳಿಸಿದ. ಇನ್‌ಲೇ ಕೆಲಸದವನು ತೆಗೆದ ಜಾಗವನ್ನು ಮತ್ತೆ ಬೇರೆಯದರಿಂದ ತುಂಬುತ್ತಾನೆ. ಶಿಲ್ಪಿಗೆ ಒಂದೇ ವಸ್ತುವಿನ ಗುಣ ಗೊತ್ತಿದ್ದರೆ ಸಾಕು. ಇವನಿಗೆ ಎರಡು ವಸ್ತುಗಳ ಗುಣ ಗೊತ್ತಿರಬೇಕು.

ಕನ್ನಡ ನಾಡಿನಲ್ಲಿ ಇದರ ಎರಡು ದೊಡ್ಡ ಪರಂಪರೆಗಳಿವೆ. ಒಂದು ಬೀದರಿನ ಬಿದ್ರಿ. ಅದರಲ್ಲಿ ಸತುವೇ ಹೆಚ್ಚಾಗಿರುವ, ತಾಮ್ರ ಸೇರಿಸಿದ ಲೋಹದಲ್ಲಿ ಗೀರು ಕೊರೆದು ಬೆಳ್ಳಿಯ ತಂತಿ ತುಂಬುತ್ತಾರೆ. ಆಮೇಲೆ ಬೀದರ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಹಚ್ಚಿದರೆ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. ಇನ್ನೊಂದು ಮೈಸೂರಿನ ಮರದ ಕೆಲಸ. ಮರದಲ್ಲಿ ದಂತ ಕೂರಿಸಿದ ಕೆಲಸವನ್ನು ಶ್ರೀರಂಗಪಟ್ಟಣದ ಗುಂಬಜಿನಲ್ಲಿ ನೋಡಬಹುದು. ಟಿಪ್ಪು ಸುಲ್ತಾನನ ಸಮಾಧಿ ಇರುವ ಆ ಕಟ್ಟಡಕ್ಕೆ ಕರಿಮರದಲ್ಲಿ ದಂತ ಕೂರಿಸಿದ ಬಾಗಿಲುಗಳಿವೆ. ಅವನ್ನು ಲಾರ್ಡ್ ಡಾಲ್‌ಹೌಸಿ ಕೊಡಿಸಿದ್ದು. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ, 1912ರ ಹೊತ್ತಿಗೆ ಕಟ್ಟಿ ಮುಗಿಸಿದ ಈಗಿನ ಅರಮನೆಯಲ್ಲಿ ಅಂಬಾವಿಲಾಸಕ್ಕೆ ಹೋಗುವ ಬೀಟೆ ಬಾಗಿಲಿನಲ್ಲೂ ದಂತದ ಕುಸುರಿಯಿದೆ. ದಸರಾ ನೋಡಲು ಹೋದವರು ಆ ಬಾಗಿಲ ಮುಂದೆ ನಿಂತಿರುತ್ತೀರಿ. ಅರಮನೆಗೆ ಬೇಕಾದದ್ದನ್ನೇ ವೀಣೆ ಮಾಡುವವರೂ ತಮ್ಮ ಅಳತೆಗೆ ಇಳಿಸಿಕೊಂಡರು. ವೀಣೆ ಶೇಷಣ್ಣನವರ ಕಾಲದ ಮೈಸೂರಿನಲ್ಲಿ ವೀಣೆ ಎಂದರೆ ಬರೀ ನಾದವಲ್ಲ, ನೋಡಲು ಕಣ್ಣಿಗೆ ಹಬ್ಬವೂ ಆಗಿರಬೇಕಿತ್ತು. ಸಿರಿವಂತರ ವೀಣೆಗೆ ದಂತ, ನಮ್ಮಂಥವರ ಮನೆಯ ವೀಣೆಗೆ ಜಿಂಕೆಯ ಕೊಂಬು ಅಥವಾ ಎಲುಬು.

ಇಲ್ಲಿಗೆ ನನ್ನ ಸ್ವಂತ ಕಥೆ ಬರುತ್ತದೆ. 1984ರಿಂದ 1989ರವರೆಗೆ ನಾನು ಮೈಸೂರಿನ ಒಂದು ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಖಾತೆದಾರರಲ್ಲಿ ಮಂಡಿ ಮೊಹಲ್ಲಾ ಕಡೆಯ ಇನ್‌ಲೇ ಕೆಲಸದವರು ಕೆಲವರಿದ್ದರು. ಹೆಚ್ಚಿನವರು ಮುಸ್ಲಿಂ ಮನೆತನದವರು. ತಂದೆಯಿಂದ ಮಗನಿಗೆ ಬಂದ ಕಸುಬು. ಸಾಲದ ಪರಿಶೀಲನೆಗೆಂದು ಹೋದಾಗ ಅವರ ಕೆಲಸವನ್ನು ಹತ್ತಿರದಿಂದ ನೋಡಿದೆ.

ಮೊದಲು ಕಾಗದದ ಮೇಲೆ ಚಿತ್ರ. ಹಳ್ಳಿಯ ದಾರಿ, ಎತ್ತಿನ ಗಾಡಿ, ದಸರಾ ಆನೆ, ದೇವರ ಚಿತ್ರ, ಯಾವುದಾದರೂ ಆಗಬಹುದು. ಆ ಚಿತ್ರವನ್ನು ತುಂಡು ತುಂಡಾಗಿ ವಿಂಗಡಿಸಿ, ಒಂದೊಂದು ತುಂಡಿಗೆ ಒಂದೊಂದು ಮರ ಆರಿಸುತ್ತಾರೆ. ಹಳದಿಗೆ ಹಲಸು, ಕಪ್ಪಿಗೆ ಕರಿಮರ, ಹೀಗೆ. ಬಣ್ಣ ಬಳಿಯುವುದಕ್ಕಿಂತ ಮರದ ಹುಟ್ಟುಬಣ್ಣಕ್ಕೇ ಬೆಲೆ. ಎಳೆಯಷ್ಟು ತೆಳ್ಳಗಿನ ಗರಗಸದಲ್ಲಿ ತುಂಡುಗಳನ್ನು ಕತ್ತರಿಸುತ್ತಾರೆ. ಬೀಟೆಯ ಹಲಗೆಯ ಮೇಲೆ ಅವನ್ನಿಟ್ಟು, ಸೂಜಿಯಿಂದ ಸುತ್ತ ಗೆರೆ ಎಳೆದು, ಸಣ್ಣ ಉಳಿಯಿಂದ ಅಷ್ಟೇ ಆಳಕ್ಕೆ ಕುಳಿ ತೋಡುತ್ತಾರೆ. ಅಂಟು ಹಾಕಿ ಕೂರಿಸಿ, ಒಣಗಿದ ಮೇಲೆ ಉಜ್ಜಿ ಸಮ ಮಾಡಿ, ಕಣ್ಣು, ಎಲೆಯ ನರ ಮುಂತಾದ ಸೂಕ್ಷ್ಮ ಗೆರೆಗಳನ್ನು ಕೊನೆಗೆ ಬಿಡಿಸಿ ಪಾಲಿಶ್ ಕೊಡುತ್ತಾರೆ. ಒಂದು ಕೂದಲಷ್ಟು ಸಂದು ಉಳಿದರೂ ಅವರಿಗೆ ಅವಮಾನ.

ಆಗ ದಂತಕ್ಕೆ ಕಷ್ಟಕಾಲ. 1972ರ ವನ್ಯಜೀವಿ ರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 1977ರಲ್ಲಿ ಆನೆಯನ್ನು ಸೇರಿಸಿದ್ದರು. 1986ರ ತಿದ್ದುಪಡಿಯಿಂದ ನಮ್ಮ ದೇಶದ ಆನೆಯ ದಂತದ ವ್ಯಾಪಾರ ಪೂರ್ತಿ ನಿಂತಿತು. ಆಫ್ರಿಕಾದ ದಂತ ಇನ್ನೂ ಸ್ವಲ್ಪ ದಿನ ಬರುತ್ತಿತ್ತು. 1989ರಲ್ಲಿ ಜಗತ್ತಿನ ದೇಶಗಳು ಕೂಡಿ ಅದನ್ನೂ ನಿಷೇಧಿಸಿದವು. 1991ರಲ್ಲಿ ನಮ್ಮ ಕಾಯ್ದೆಯೂ ಅದಕ್ಕೆ ಬೀಗ ಹಾಕಿತು. ಇದು ಸರಿಯಾದ ಕೆಲಸವೇ, ಅನುಮಾನ ಬೇಡ. ಅರಮನೆಯ ಬಾಗಿಲಿನ ಒಂದೊಂದು ಬಿಳಿ ಹೂವಿನ ಹಿಂದೆಯೂ ಒಂದು ಆನೆ ಇತ್ತು. ಆದರೆ ಕಾಯ್ದೆ ಬಂದ ಮರುದಿನ ದಂತದ ಕೆಲಸದವರ ಮನೆಯ ಒಲೆ ಹೇಗೆ ಉರಿಯಬೇಕು ಎಂದು ಯೋಚಿಸಿದವರು ಕಡಿಮೆ.

ಅಂಥ ಒಬ್ಬರು ನನ್ನ ಮೇಜಿನ ಮುಂದೆ ಬಂದು ಕುಳಿತರು. ವಯಸ್ಸಾದವರು. ದಂತ ಬಿಟ್ಟು ಮರದ ಚೂರು, ಬಿಳಿಯ ಪ್ಲಾಸ್ಟಿಕ್ಕಿನಲ್ಲಿ ಕೆಲಸ ಮಾಡುತ್ತೇನೆ. ವಿದ್ಯುತ್ ಗರಗಸಕ್ಕೂ ಮರಕ್ಕೂ ಸಾಲ ಬೇಕು ಎಂದರು. ಅರ್ಜಿಯಲ್ಲಿ ‘ಭದ್ರತೆ’ ಎಂಬ ಕಾಲಮ್ಮು ಇತ್ತು. ಹಿಂದೆ ಅವರ ಬಳಿ ಇದ್ದ ಸರಕಿಗೆ ಬೆಲೆ ಇತ್ತು, ಈಗ ಅದು ಸೊನ್ನೆ. ಮನೆ ಬಾಡಿಗೆಯದು. ನಾನು ಟಿಪ್ಪಣಿಯಲ್ಲಿ “ಭದ್ರತೆ ಸಾಲದು” ಎಂದು ಬರೆದೆ. ಅರ್ಜಿ ವಾಪಸಾಯಿತು. ಅವರು ಜಗಳವಾಡಲಿಲ್ಲ. ಮೇಜಿನ ಮೇಲೆ ಎರಡೂ ಕೈ ಊರಿ ಎದ್ದು, “ಆಗಲಿ ಸಾಹೇಬರೇ” ಎಂದು ಹೋದರು. ನಿಯಮದ ಪ್ರಕಾರ ನನ್ನದು ತಪ್ಪಲ್ಲ. ಆದರೂ ಊರಿದ ಆ ಕೈಗಳು ಇಂದಿಗೂ ಕಣ್ಣ ಮುಂದೆ ಬರುತ್ತವೆ. ಕುಳಿ ತೋಡಿ ತೋಡಿ ಹೆಬ್ಬೆರಳು ಚಪ್ಪಟೆಯಾಗಿತ್ತು.

ಬಂಧುಗಳೇ, ಇದು ಮೈಸೂರಿನ ಕಥೆ ಮಾತ್ರವಲ್ಲ. ವಿದ್ಯುತ್ ಗಿಟಾರು ಹುಟ್ಟಿದ ನಾಡಿನಲ್ಲೂ ಇದೇ ನಡೆದಿದೆ. ಅಮೆರಿಕದಲ್ಲಿ ಬಿಲಿಯರ್ಡ್ಸ್ ಆಟದ ಚೆಂಡುಗಳನ್ನು ದಂತದಿಂದ ಮಾಡುತ್ತಿದ್ದರು. ಅದಕ್ಕೆ ಬದಲಿ ಹುಡುಕುತ್ತಾ ಜಾನ್ ವೆಸ್ಲಿ ಹಯಟ್ ಎಂಬಾತ 1870ರ ಸುಮಾರಿಗೆ ಸೆಲ್ಯುಲಾಯ್ಡನ್ನು ಬಳಕೆಗೆ ತಂದ. ಮಾರ್ಟಿನ್ ಎಂಬ ಹಳೆಯ ಗಿಟಾರ್ ಕಂಪನಿ ತನ್ನ ದುಬಾರಿ ವಾದ್ಯಗಳ ಅಂಚಿಗೆ ದಂತ ಹಚ್ಚುತ್ತಿತ್ತು. 1918ರ ಸುಮಾರಿಗೆ ಅದನ್ನು ಬಿಟ್ಟು ದಂತದಂತೆ ಕಾಣುವ ಸೆಲ್ಯುಲಾಯ್ಡಿಗೆ ಬಂದಿತು. 1952ರಲ್ಲಿ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಎಂಬ ಹೆಸರಾಂತ ವಿದ್ಯುತ್ ಗಿಟಾರು ಬಂದಾಗ ಅದರ ಪಟ್ಟಿಯ ಮೇಲೆ ಹೊಳೆಯುತ್ತಿದ್ದದ್ದು ಮುತ್ತಿನ ಚಿಪ್ಪಲ್ಲ, ಮುತ್ತಿನ ಚಿಪ್ಪಿನಂತೆ ಕಾಣುವ ಸೆಲ್ಯುಲಾಯ್ಡು. ಅದನ್ನು ಯಾರೂ ಕೀಳೆಂದು ಎಣಿಸಲಿಲ್ಲ. ಇಂದು ಆ ಹಳೆಯ ಗಿಟಾರುಗಳಿಗೆ ಲಕ್ಷಗಟ್ಟಲೆ ಬೆಲೆ.

ಇನ್ನು ಚೂರನ್ನು ಕೂರಿಸುವ ಮರದ ಕಥೆ. ಗಿಟಾರಿನವರು ಮೊದಲು ಬ್ರೆಜಿಲ್ ದೇಶದ ಬೀಟೆಯನ್ನು ನೆಚ್ಚಿಕೊಂಡಿದ್ದರು. 1960ರ ದಶಕದಲ್ಲಿ ಅದು ಸಿಗುವುದು ಕಷ್ಟವಾದಾಗ ನಮ್ಮ ಬೀಟೆಗೆ ತಿರುಗಿದರು. ಮಾರ್ಟಿನ್ ಕಂಪನಿ ತಿರುಗಿದ್ದು 1969ರಲ್ಲಿ. ಮಂಡಿ ಮೊಹಲ್ಲಾದಲ್ಲಿ ಆನೆ, ಎತ್ತಿನ ಗಾಡಿಗಳನ್ನು ಕೂರಿಸುತ್ತಿದ್ದ ಅದೇ ಜಾತಿಯ ಮರ ಹಡಗು ಹತ್ತಿ ಹೋಗಿ, ಪರದೇಶದ ಹುಡುಗರ ಬೆರಳಿನ ಕೆಳಗೆ ಪಟ್ಟಿಯಾಯಿತು. ಬ್ರೆಜಿಲ್ ಬೀಟೆಯ ವ್ಯಾಪಾರವನ್ನು 1992ರಲ್ಲಿ ನಿಷೇಧಿಸಿದರು. 2017ರ ಜನವರಿಯಿಂದ ಬೀಟೆಯ ಕುಲದ ಮರಗಳೆಲ್ಲಕ್ಕೂ ದೇಶ ದಾಟಲು ಪರವಾನಗಿ ಬೇಕಾಯಿತು. ವಾದ್ಯ ಮಾಡುವವರು ಗೋಳಾಡಿದ ಮೇಲೆ, ಮಾಡಿ ಮುಗಿಸಿದ ವಾದ್ಯಗಳಿಗೆ ಮಾತ್ರ 2019ರ ನವೆಂಬರಿನಲ್ಲಿ ವಿನಾಯಿತಿ ಸಿಕ್ಕಿತು. ಒಮ್ಮೆ ಆನೆ, ಒಮ್ಮೆ ಮರ. ಮುಗಿಯದೆಂದು ನಂಬಿದ್ದು ಮುಗಿಯುತ್ತಾ ಬಂದಾಗಲೆಲ್ಲ ಕಸುಬಿನವನು ಹೊಸ ವಸ್ತುವಿಗೆ ಕೈ ಪಳಗಿಸಿಕೊಳ್ಳಬೇಕಾಗಿದೆ.

ಮೈಸೂರಿನವರೂ ಹಾಗೆಯೇ ಪಳಗಿಸಿಕೊಂಡರು. ದಂತದ ಜಾಗಕ್ಕೆ ಪ್ಲಾಸ್ಟಿಕ್ ಬಂತು, ಬಣ್ಣಬಣ್ಣದ ಮರ ಬಂತು. 2005-06ನೇ ಸಾಲಿನಲ್ಲಿ ‘ಮೈಸೂರು ಬೀಟೆ ಇನ್‌ಲೇ’ಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಗಮನಿಸಿ, ಮಾನ್ಯತೆ ಸಿಕ್ಕಿದ್ದು ದಂತ ಬಿಟ್ಟ ಮೇಲೆ. ನಾನು ‘ಭದ್ರತೆ ಸಾಲದು’ ಎಂದು ಬರೆದ ಕಸುಬಿಗೆ ಸರ್ಕಾರವೇ ಮುದ್ರೆ ಒತ್ತಿತು. ಅಷ್ಟರಲ್ಲಿ ಆ ಹಿರಿಯರು ಇದ್ದರೋ ಇಲ್ಲವೋ.

ಇಷ್ಟನ್ನೂ ಮೊಮ್ಮಗನಿಗೆ ಹೇಳಿದೆ. ಅವನು ಕೇಳಿ, “ಸರಿ ತಾತಾ, ಆದ್ರೆ ಇದು ನಿಜವಾಗ್ಲೂ ದಂತಾನೇನಾ?” ಎಂದ. ಅರವತ್ತು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ!

ಬ್ಯಾಂಕಿನಲ್ಲಿ ಸಹಿ ಪರೀಕ್ಷಿಸಲು ಇಟ್ಟುಕೊಂಡಿದ್ದಂಥ ಒಂದು ಭೂತಗನ್ನಡಿ ನನ್ನ ಬಳಿ ಇದೆ. ದಂತವನ್ನು ಅಡ್ಡ ಕೊಯ್ದ ಮುಖದಲ್ಲಿ ಒಂದನ್ನೊಂದು ಹಾದುಹೋಗುವ ನವಿರಾದ ಗೆರೆಗಳ ಜಾಲ ಕಾಣಬೇಕು. ಎಲುಬಿನಲ್ಲಾದರೆ ರಕ್ತ ಹರಿದ ಜಾಡಿನ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು, ಗೀರುಗಳು ಇರುತ್ತವೆ. ನೋಡಿದೆವು. ಪಟ್ಟಿಯ ತುಂಬ ಕಪ್ಪು ಚುಕ್ಕೆ! ಎಲುಬೋ ಕೊಂಬೋ ಇರಬೇಕು, ದಂತವಂತೂ ಅಲ್ಲ. ಅಕ್ಕ ಇದ್ದಿದ್ದರೆ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯದು.

“ಹಾಗಾದ್ರೆ ಕಿತ್ಕೊಳ್ಳಬಹುದಲ್ವಾ?” ಎಂದ ಹುಡುಗ. ನ್ಯಾಯವಾದ ಪ್ರಶ್ನೆಯೇ. ನಾನು ಅವನ ಬೆರಳು ಹಿಡಿದು ಆ ಪಟ್ಟಿಯ ಮೇಲೆ ಓಡಿಸಿದೆ. ಮರ ಎಲ್ಲಿ ಮುಗಿದು ಎಲುಬು ಎಲ್ಲಿ ಶುರುವಾಯಿತು ಎಂಬುದು ಬೆರಳಿಗೆ ತಿಳಿಯಲಿಲ್ಲ. ಇಷ್ಟು ವರ್ಷದ ಬಿಸಿಲು, ಚಳಿ, ಅಟ್ಟದ ಧೂಳಿನ ನಂತರವೂ ಸಂದು ಬಿಟ್ಟಿರಲಿಲ್ಲ. “ಇದನ್ನು ಕೂರಿಸಿದವನಿಗೆ ದಂತ ಕೊಳ್ಳುವ ಶಕ್ತಿ ಇರಲಿಲ್ಲ ಕಣಪ್ಪ. ಆದರೆ ದಂತಕ್ಕೆ ಮಾಡುವಷ್ಟೇ ಕೆಲಸ ಮಾಡಿದ್ದಾನೆ. ಕಿತ್ತರೆ ನಿನಗೆ ಸಿಗುವುದು ಎಲುಬು, ಅವನ ಕೆಲಸವಲ್ಲ” ಎಂದೆ. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಸೀಳಿ ಬಿದ್ದಿದ್ದ ಕೊಡದ ಚೂರನ್ನು ಎತ್ತಿಕೊಂಡು, “ಇದು ಹಲಸಲ್ವಾ ತಾತಾ? ಹಳದಿ ಬಣ್ಣ. ಇದರಲ್ಲೇ ಚುಕ್ಕೆ ಮಾಡ್ತೀನಿ” ಎಂದ.

ಹೇಳಿದಷ್ಟು ಸುಲಭವಾಗಲಿಲ್ಲ. ಅವನು ಚೂರನ್ನು 6 ಮಿಲಿಮೀಟರಿನ ಗುಂಡು ಕಡ್ಡಿಯಾಗಿ ಕೆತ್ತಿ, ಸೌತೆಕಾಯಿ ಬಿಲ್ಲೆ ಮಾಡುವಂತೆ ಅಡ್ಡಡ್ಡ ಕೊಯ್ದ. ಡ್ರಿಲ್ಲಿನಿಂದ ಕುಳಿ ತೆಗೆದು ಹತ್ತನ್ನೂ ಕೂರಿಸಿ, ಉಜ್ಜಿ, ಪಾಲಿಶ್ ಹಚ್ಚಿದ. ಬೆಳಗಾಗುವಷ್ಟರಲ್ಲಿ ಚುಕ್ಕೆಗಳೆಲ್ಲ ಕಪ್ಪಾಗಿ ಬೀಟೆಯಲ್ಲಿ ಬೆರೆತುಹೋಗಿದ್ದವು! ಕಲ್ಯಾಣದುರ್ಗದಲ್ಲಿ ನಮ್ಮ ಮನೆಯ ಬಾಗಿಲು ಮಾಡಿದ ಹಿರಿಯ ಆಚಾರಿಯ ಬಳಿ ಹೋದೆವು. ಅವರು ನೋಡಿ ನಕ್ಕರು. “ಸಾರ್, ಮರದ ತುದಿ ಮೇಲೆ ಮಾಡಿ ಕೂರಿಸಿದ್ದೀರಿ. ಮರ ನೀರು ಕುಡಿಯೋ ಬಾಯಿ ಅದು. ಪಾಲಿಶ್ ಕುಡಿಯದೆ ಬಿಡುತ್ತಾ?” ಎಂದರು. ಎಳೆ ಉದ್ದಕ್ಕೆ ಮಲಗಿರುವ ಮುಖದಿಂದ ತೆಳ್ಳನೆಯ ಹಲಗೆ ಸೀಳಿ, ಅದರಿಂದ ಬಿಲ್ಲೆ ಕತ್ತರಿಸಿ ಅರದಿಂದ ಗುಂಡಗೆ ಮಾಡಬೇಕು. ಎಳೆಯ ದಿಕ್ಕು ಪಟ್ಟಿಯ ಎಳೆಯ ದಿಕ್ಕಿಗೇ ಇರಬೇಕು. ಅಲ್ಪಸ್ವಲ್ಪ ಸಂದಿಗೆ ಬೀಟೆಯ ಪುಡಿಯನ್ನೇ ಅಂಟಿನಲ್ಲಿ ಕಲಸಿ ತುಂಬಬೇಕು ಎಂದು ಮಾಡಿ ತೋರಿಸಿದರು. ದುಡ್ಡು ಕೊಡಹೋದರೆ ಬೇಡ ಎಂದರು. ಈ ಸಲ ನಾನು ಬಿಡಲಿಲ್ಲ, ಲೆಕ್ಕ ಮಾಡಿ ಪೂರ್ತಿ ದಿನದ ಕೂಲಿ ಅವರ ಜೇಬಿನಲ್ಲಿಟ್ಟು ಬಂದೆ.

ಹುಡುಗ ಹತ್ತೂ ಚುಕ್ಕೆಗಳನ್ನು ಕೊರೆದು ತೆಗೆದು ಮತ್ತೆ ಕೂರಿಸಿದ. ಒಂಬತ್ತು ನೆಟ್ಟಗಿವೆ. 7ನೆಯ ಮನೆಯದು ಕೂದಲೆಳೆಯಷ್ಟು ವಾರೆ. ಕಪ್ಪು ಬೀಟೆಯಲ್ಲಿ ಹಲಸಿನ ಹಳದಿ ಚುಕ್ಕೆಗಳು ಸಂಜೆ ಬೆಳಕಿಗೆ ಚೆನ್ನಾಗಿ ಕಾಣುತ್ತವೆ. ವಿದ್ಯುತ್ ವಾದ್ಯ ಎಂದರೆ ಮೂಗು ಮುರಿಯುವ ಹಿರಿಯರಿಗೆ ಒಂದು ಮಾತು ಹೇಳಬೇಕು. ನಮ್ಮ ಆಂಧ್ರದ ಪಾಲಕೊಲ್ಲಿನಲ್ಲಿ ಹುಟ್ಟಿದ ಯು. ಶ್ರೀನಿವಾಸ್ ಐದು ತಂತಿಯ ವಿದ್ಯುತ್ ಮ್ಯಾಂಡೋಲಿನ್ನಿನಲ್ಲಿ ತ್ಯಾಗರಾಜರ ಕೃತಿಗಳನ್ನು ನುಡಿಸಿ ತೋರಿಸಿ, 2014ರಲ್ಲಿ ನಮ್ಮನ್ನು ಅಗಲಿದರು. ವಾದ್ಯಕ್ಕೆ ಜಾತಿಯಿಲ್ಲ.

ಅಕ್ಕನ ವೀಣೆಯನ್ನು ಈಗ ಅಟ್ಟಕ್ಕೆ ಹಾಕಿಲ್ಲ. ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ ನನ್ನ ಕೋಣೆಯಲ್ಲಿಟ್ಟಿದ್ದೇನೆ. ಕೊಡಕ್ಕೆ ತೇಪೆ ಹಾಕಬಹುದು ಎಂದು ಆಚಾರಿ ಹೇಳಿದ್ದಾರೆ, ಬೇಸಿಗೆಯಲ್ಲಿ ನೋಡೋಣ.

ಬಂಧುಗಳೇ, ನಿಮ್ಮ ಅಟ್ಟದಲ್ಲೂ ಇಂಥದ್ದೇನಾದರೂ ಇರಬಹುದು. ಹಾರ್ಮೋನಿಯಂ ಪೆಟ್ಟಿಗೆ, ತಂಬೂರಿ, ಅಜ್ಜಿಯ ಕುಂಕುಮದ ಭರಣಿ, ಏನಾದರೂ ಸರಿ. ಗುಜರಿಯವನಿಗೆ ಕೊಡುವ ಮುಂಚೆ, ಅದರಲ್ಲಿ ಬೆಲೆಬಾಳುವ ವಸ್ತು ಇದೆಯೇ ಎಂದು ಹುಡುಕಿ ಕೀಳುವ ಮುಂಚೆ, ಒಮ್ಮೆ ಧೂಳು ಒರೆಸಿ ಅದರ ಸಂದುಗಳ ಮೇಲೆ ಬೆರಳು ಓಡಿಸಿ ನೋಡಿ. ನಾನು ಬ್ಯಾಂಕಿನಲ್ಲಿ ಕುಳಿತಾಗ ಮಾಡಲು ಮರೆತ ಪರೀಕ್ಷೆ ಅದು.